ನಲವತ್ತು ದಾಟಿದ ಬಾಹ್ಯಾಕಾಶ ಉಡುಪು: ಅದರ ಮೇಲೆ ಕಣ್ಣಿಟ್ಟವರು ಯಾರು?

2025ರ ಜೂನ್‌ನಲ್ಲಿ ಶುಭಾಂಶು ಶುಕ್ಲಾ ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣಕ್ಕೆ ಹೋದಾಗ ಕರ್ನಾಟಕದ ಮನೆಮನೆಯಲ್ಲೂ ಆ ನಿಲ್ದಾಣದ ಮಾತು ನಡೆಯಿತು. ಧಾರವಾಡದ ಕೃಷಿ ವಿಶ್ವವಿದ್ಯಾಲಯದ ವಿಜ್ಞಾನಿಗಳು ರೂಪಿಸಿದ ಹೆಸರುಕಾಳು ಮತ್ತು ಮೆಂತ್ಯದ ಮೊಳಕೆಯ ಪ್ರಯೋಗವೂ ಅವರ ಜೊತೆ ಮೇಲೆ ಹೋಗಿತ್ತು. ಅವರು ಜುಲೈ 15ರಂದು ಸುರಕ್ಷಿತವಾಗಿ ಮರಳಿದರು. ಅದಾಗಿ ಎರಡೂವರೆ ತಿಂಗಳಿಗೆ, ಸೆಪ್ಟೆಂಬರ್ ಕೊನೆಯಲ್ಲಿ, ಅದೇ ನಿಲ್ದಾಣದ ಬಗ್ಗೆ ಅಮೆರಿಕದಲ್ಲಿ ಒಂದು ವರದಿ ಹೊರಬಂತು. ನಿಲ್ದಾಣದ ಹೊರಗೆ ದುರಸ್ತಿಗೆ ಇಳಿಯುವಾಗ ತೊಡುವ ಉಡುಪುಗಳ ನಿರ್ವಹಣೆಯಲ್ಲಿ ವಿಳಂಬ, ವೆಚ್ಚದ ಏರಿಕೆ ಮತ್ತು ಗುಣಮಟ್ಟದ ದೋಷಗಳು ಕಂಡುಬಂದಿವೆ ಎಂದು ಅದು ಹೇಳಿತು. ವರದಿ ಬರೆದದ್ದು ಪತ್ರಿಕೆಯೂ ಅಲ್ಲ, ನಾಸಾವನ್ನು ವಿರೋಧಿಸುವ ಗುಂಪೂ ಅಲ್ಲ. ನಾಸಾದೊಳಗೇ ಇದ್ದು ನಾಸಾವನ್ನೇ ತಪಾಸಣೆ ಮಾಡುವ ಇನ್‌ಸ್ಪೆಕ್ಟರ್ ಜನರಲ್ ಕಚೇರಿ.

ಈ ಉಡುಪುಗಳು ಇಷ್ಟು ಹಳೆಯವಾದದ್ದು ಹೇಗೆ, ಹೊಸವು ಏಕೆ ಬಂದಿಲ್ಲ, ಇದನ್ನೆಲ್ಲ ಕೇಳುವ ಅಧಿಕಾರ ಯಾರಿಗಿದೆ ಎಂಬುದನ್ನು ಮೊದಲಿನಿಂದ ನೋಡೋಣ.

## ಎರಡು ಬಗೆಯ ಉಡುಪು

ಗಗನಯಾತ್ರಿಗಳ ಚಿತ್ರಗಳಲ್ಲಿ ಕಾಣುವ ಉಡುಪುಗಳೆಲ್ಲ ಒಂದೇ ಅಲ್ಲ. ರಾಕೆಟ್ ಏರುವಾಗ ಮತ್ತು ಭೂಮಿಗೆ ಇಳಿಯುವಾಗ ತೊಡುವುದು ತೆಳುವಾದ ಉಡುಪು. ನೌಕೆಯ ಒಳಗಿನ ಗಾಳಿ ಸೋರಿಹೋದರೆ ಸ್ವಲ್ಪ ಹೊತ್ತು ಪ್ರಾಣ ಉಳಿಸುವುದಷ್ಟೇ ಅದರ ಕೆಲಸ. ಆಮ್ಲಜನಕವೂ ತಂಪೂ ಅದಕ್ಕೆ ನೌಕೆಯಿಂದಲೇ ಕೊಳವೆಯ ಮೂಲಕ ಬರುತ್ತವೆ. ಶುಕ್ಲಾ ಪ್ರಯಾಣದ ವೇಳೆ ತೊಟ್ಟಿದ್ದು ಈ ಬಗೆಯದು.

ಇನ್ನೊಂದು, ನಿಲ್ದಾಣದ ಬಾಗಿಲು ತೆರೆದು ಹೊರಗೆ ಹೋಗುವಾಗ ತೊಡುವ ದಪ್ಪನೆಯ ಬಿಳಿ ಉಡುಪು. ಇದಕ್ಕೆ ನಾಸಾದವರು ಇಎಂಯು ಎನ್ನುತ್ತಾರೆ. ಹೊರಗೆ ಗಾಳಿ ಇರುವುದಿಲ್ಲ, ಬಿಸಿಲಿಗೂ ನೆರಳಿಗೂ ತಾಪದಲ್ಲಿ ಇನ್ನೂರು ಡಿಗ್ರಿ ಸೆಲ್ಸಿಯಸ್‌ಗೂ ಹೆಚ್ಚಿನ ಅಂತರವಿರುತ್ತದೆ, ಸಣ್ಣ ಕಣಗಳು ಗುಂಡಿಗಿಂತ ಎಷ್ಟೋ ವೇಗದಲ್ಲಿ ಹಾರುತ್ತಿರುತ್ತವೆ. ಅಲ್ಲಿ ಆರೇಳು ಗಂಟೆ ಒಬ್ಬ ಮನುಷ್ಯ ಸ್ಪ್ಯಾನರ್ ಹಿಡಿದು ಕೆಲಸ ಮಾಡಬೇಕು. ಹಾಗಾಗಿ ಇದನ್ನು ಬಟ್ಟೆ ಎಂದು ಕರೆಯುವುದಕ್ಕಿಂತ ಒಬ್ಬರು ಕೂರುವಷ್ಟು ಚಿಕ್ಕ ನೌಕೆ ಎಂದರೆ ಸರಿಯಾದೀತು. ಈ ಲೇಖನದ ವಿಷಯ ಈ ಎರಡನೆಯ ಬಗೆಯ ಉಡುಪು.

## ಉಡುಪಿನೊಳಗೆ ಏನಿದೆ

ಹೊರಗಿನಿಂದ ಕಾಣುವುದು ಬಟ್ಟೆಯ ಪದರಗಳು, ಒಟ್ಟು ಹದಿನಾಲ್ಕು. ಮೈಗೆ ತಾಗಿದಂತೆ ಇರುವ ಒಳ ಅಂಗಿಯಲ್ಲಿ ಸುಮಾರು 90 ಮೀಟರ್ ಉದ್ದದ ಸಣ್ಣ ಕೊಳವೆಗಳನ್ನು ಹೆಣೆದಿರುತ್ತಾರೆ. ಅವುಗಳಲ್ಲಿ ತಣ್ಣೀರು ಹರಿಯುತ್ತ ದೇಹದ ಬಿಸಿಯನ್ನು ಹೊತ್ತೊಯ್ಯುತ್ತದೆ. ಎದೆ ಮತ್ತು ಬೆನ್ನಿನ ಭಾಗ ಬಟ್ಟೆಯಲ್ಲ, ಗಟ್ಟಿ ಕವಚ. ಆ ಕವಚಕ್ಕೆ ತೋಳು, ಸೊಂಟದ ಕೆಳಭಾಗ, ಕೈಗವಸು, ಶಿರಸ್ತ್ರಾಣಗಳನ್ನು ಜೋಡಿಸುತ್ತಾರೆ. ಒಬ್ಬೊಬ್ಬರಿಗೂ ಬೇರೆ ಬೇರೆ ಉಡುಪು ಹೊಲಿಯದೆ, ಬೇರೆ ಬೇರೆ ಅಳತೆಯ ಭಾಗಗಳನ್ನು ಹೊಂದಿಸಿಕೊಳ್ಳುವ ಪದ್ಧತಿ ಇದು.

ಇದರಲ್ಲಿಯೇ ಒಂದು ತೊಡಕೂ ಇದೆ. 2019ರ ಮಾರ್ಚ್‌ನಲ್ಲಿ ಆನ್ ಮೆಕ್‌ಕ್ಲೇನ್ ಮತ್ತು ಕ್ರಿಸ್ಟಿನಾ ಕೋಕ್ ಇಬ್ಬರೂ ಒಟ್ಟಿಗೆ ಹೊರಗಿಳಿದು, ಮಹಿಳೆಯರಷ್ಟೇ ಇರುವ ಮೊದಲ ಬಾಹ್ಯಾಕಾಶ ನಡಿಗೆ ನಡೆಸಬೇಕಿತ್ತು. ಇಬ್ಬರಿಗೂ ಮಧ್ಯಮ ಅಳತೆಯ ಕವಚವೇ ಬೇಕಾಗಿತ್ತು. ಬಳಕೆಗೆ ಸಿದ್ಧವಾಗಿದ್ದುದು ಒಂದೇ. ಆ ನಡಿಗೆಯ ತಂಡವನ್ನು ಬದಲಿಸಬೇಕಾಯಿತು. ಕೋಕ್ ಮತ್ತು ಜೆಸ್ಸಿಕಾ ಮೈರ್ ಸೇರಿ ಅಂಥ ಮೊದಲ ನಡಿಗೆ ನಡೆಸಿದ್ದು ಆ ವರ್ಷದ ಅಕ್ಟೋಬರ್ 18ರಂದು.

ಬೆನ್ನಿಗಂಟಿದ ಪೆಟ್ಟಿಗೆಯೇ ಉಡುಪಿನ ಜೀವ. ಆಮ್ಲಜನಕದ ತೊಟ್ಟಿಗಳು, ಬ್ಯಾಟರಿ, ಉಸಿರಿನಿಂದ ಹೊರಬಿದ್ದ ಇಂಗಾಲದ ಡೈಆಕ್ಸೈಡನ್ನು ಹೀರುವ ಡಬ್ಬಿ, ನೀರು ತಂಪಾಗಿಸುವ ಸಾಧನ, ರೇಡಿಯೋ ಎಲ್ಲವೂ ಅದರಲ್ಲಿವೆ. ತಂಪಾಗಿಸುವ ರೀತಿ ಸರಳವಾದದ್ದು. ಮಣ್ಣಿನ ಹೂಜಿಯ ಮೈಯಿಂದ ಒಸರಿದ ನೀರು ಆರಿಹೋಗುತ್ತ ಒಳಗಿನ ನೀರಿನ ಬಿಸಿಯನ್ನೂ ಒಯ್ಯುವಂತೆಯೇ, ಇಲ್ಲಿ ಸಣ್ಣ ರಂಧ್ರಗಳಿರುವ ಲೋಹದ ಫಲಕದ ಮೂಲಕ ಒಸರಿದ ನೀರು ನಿರ್ವಾತಕ್ಕೆ ತಾಗಿ ಮೊದಲು ಹೆಪ್ಪುಗಟ್ಟಿ, ಆಮೇಲೆ ನೇರವಾಗಿ ಆವಿಯಾಗಿ ಹೋಗುತ್ತ, ಕೊಳವೆಗಳಲ್ಲಿ ಸುತ್ತುವ ನೀರನ್ನು ತಣ್ಣಗಾಗಿಸುತ್ತದೆ.

ಪೆಟ್ಟಿಗೆಯಲ್ಲಿ ಒಂದು ಭಾಗವನ್ನು ನೆನಪಿಟ್ಟುಕೊಳ್ಳಬೇಕು, ಏಕೆಂದರೆ ಮುಂದಿನ ಕಥೆಯೆಲ್ಲ ಅದರ ಸುತ್ತಲೇ ಇದೆ. ಉಡುಪಿನೊಳಗೆ ಗಾಳಿ ಬೀಸುವ ಫ್ಯಾನು, ನೀರನ್ನು ತಳ್ಳುವ ಪಂಪು, ಬೆವರು ಮತ್ತು ಉಸಿರಿನ ತೇವವನ್ನು ಗಾಳಿಯಿಂದ ಬೇರ್ಪಡಿಸುವ ಸಾಧನ, ಈ ಮೂರನ್ನೂ ಒಂದೇ ಮೋಟಾರು ಓಡಿಸುತ್ತದೆ. ತೂಕ ಮತ್ತು ಜಾಗ ಉಳಿಸಲು ಮಾಡಿದ ಜಾಣ ವಿನ್ಯಾಸ ಅದು. ಆದರೆ ಇದರಿಂದಾಗಿ ಗಾಳಿಯ ದಾರಿಯೂ ನೀರಿನ ದಾರಿಯೂ ಒಂದೇ ಯಂತ್ರದಲ್ಲಿ ಪಕ್ಕಪಕ್ಕದಲ್ಲಿ ಹಾಯುತ್ತವೆ.

## ಹದಿನೆಂಟರಲ್ಲಿ ಉಳಿದದ್ದು ಹನ್ನೊಂದು

ಈ ಉಡುಪನ್ನು 1970ರ ದಶಕದಲ್ಲಿ, ಮತ್ತೆ ಮತ್ತೆ ಹಾರಬಲ್ಲ ಸ್ಪೇಸ್ ಶಟಲ್ ಎಂಬ ನೌಕೆಗಾಗಿ ವಿನ್ಯಾಸ ಮಾಡಿದ್ದು. ಇದನ್ನು ತೊಟ್ಟು ಮೊದಲು ಹೊರಗಿಳಿದವರು ಸ್ಟೋರಿ ಮಸ್‌ಗ್ರೇವ್ ಮತ್ತು ಡೊನಾಲ್ಡ್ ಪೀಟರ್‌ಸನ್; ಅದು 1983ರ ಏಪ್ರಿಲ್. ಅಂದು ಅಂದಾಜು ಮಾಡಿದ್ದ ಬಾಳಿಕೆ 15 ವರ್ಷ. ನಿಲ್ದಾಣದ ಮೊದಲ ಭಾಗ ಕಕ್ಷೆ ಸೇರಿದ್ದು 1998ರ ನವೆಂಬರ್ 20ರಂದು. ಅಂದರೆ ನಿಲ್ದಾಣ ಹುಟ್ಟುವ ಹೊತ್ತಿಗೇ ಉಡುಪಿನ ಮೂಲ ಅವಧಿ ಮುಗಿದಿತ್ತು.

ಬೆನ್ನಿನ ಪೆಟ್ಟಿಗೆಗಳನ್ನು ತಯಾರಿಸಿದ್ದೇ 18. ಎರಡು 1986ರಲ್ಲಿ ಚಾಲೆಂಜರ್ ಶಟಲ್ ಜೊತೆ, ಎರಡು 2003ರಲ್ಲಿ ಕೊಲಂಬಿಯಾ ಶಟಲ್ ಜೊತೆ, ಒಂದು 2015ರಲ್ಲಿ ಸ್ಪೇಸ್‌ಎಕ್ಸ್‌ನ ಸರಕು ರಾಕೆಟ್ ಸಿಡಿದಾಗ ನಾಶವಾದವು. ಒಂದು ಭೂಮಿಯ ಮೇಲಿನ ಪರೀಕ್ಷೆಯಲ್ಲಿ ಹಾಳಾಯಿತು; ಇನ್ನೊಂದು ಹಾರಾಟಕ್ಕಲ್ಲದೆ ಪರೀಕ್ಷೆಗೆಂದೇ ಮಾಡಿದ್ದು. 2017ರ ತಪಾಸಣೆಯ ಹೊತ್ತಿಗೆ ಬಳಕೆಯಲ್ಲಿದ್ದವು 11. ಅವುಗಳಲ್ಲಿಯೂ ಕೆಲವು ಮೇಲೆ ನಿಲ್ದಾಣದಲ್ಲಿ, ಉಳಿದವು ಕೆಳಗೆ ದುರಸ್ತಿಯಲ್ಲಿ.

ಶಟಲ್ ಓಡಾಡುತ್ತಿದ್ದಾಗ ಉಡುಪುಗಳು ಪ್ರತಿ ಯಾನದ ನಂತರ ಕೆಳಗಿಳಿದು, ಬಿಚ್ಚಿ, ತೊಳೆದು, ಪರೀಕ್ಷೆಯಾಗಿ ಮತ್ತೆ ಮೇಲೆ ಹೋಗುತ್ತಿದ್ದವು. 2011ರ ಜುಲೈನಲ್ಲಿ ಶಟಲ್ ನಿವೃತ್ತವಾದ ಮೇಲೆ ಇಷ್ಟು ದೊಡ್ಡ ವಸ್ತುವನ್ನು ಕೆಳಗೆ ತರುವ ದಾರಿಯೇ ಕಿರಿದಾಯಿತು. ಉಡುಪುಗಳು ವರ್ಷಗಟ್ಟಲೆ ಮೇಲೆಯೇ ಉಳಿಯತೊಡಗಿದವು; ಪೂರ್ಣ ದುರಸ್ತಿಯ ನಡುವಿನ ಅಂತರವನ್ನು ಆರು ವರ್ಷದವರೆಗೆ ಹಿಗ್ಗಿಸಲಾಯಿತು. ಕೆಟ್ಟ ಬಿಡಿಭಾಗಗಳನ್ನು ಗಗನಯಾತ್ರಿಗಳೇ ನಿಲ್ದಾಣದಲ್ಲಿ ಬಿಚ್ಚಿ ಬದಲಿಸುವುದನ್ನು ಕಲಿತರು. ಮೂಲ ವಿನ್ಯಾಸಕಾರರು ಇಂಥ ಬಳಕೆಯನ್ನು ಯೋಚಿಸಿಯೂ ಇರಲಿಲ್ಲ.

ಹೊರಗೆ ಇಳಿಯುವುದನ್ನೇ ನಿಲ್ಲಿಸಿದರೆ ಆಗದೇ ಎಂದು ಕೇಳಬಹುದು. ಆಗದು. ನಿಲ್ದಾಣದ ಬಿಸಿಯನ್ನು ಹೊರಹಾಕುವ ಅಮೋನಿಯಾ ಪಂಪುಗಳು, ಬ್ಯಾಟರಿಗಳು, ಸೌರಫಲಕಗಳು ಎಲ್ಲವೂ ಹೊರಗಿವೆ. 2010ರಲ್ಲಿ ಒಂದು ಪಂಪು ಕೆಟ್ಟು, ಅದನ್ನು ಬದಲಿಸಲು ಮೂರು ಬಾರಿ ಹೊರಗಿಳಿಯಬೇಕಾಯಿತು. ಉಡುಪು ಇಲ್ಲವೆಂದರೆ ನಿಲ್ದಾಣವನ್ನು ಉಳಿಸಿಕೊಳ್ಳುವ ದಾರಿ ಇಲ್ಲ.

## 2013ರ ಜುಲೈ: ಶಿರಸ್ತ್ರಾಣದೊಳಗೆ ನೀರು

2013ರ ಜುಲೈ 16ರಂದು ಇಟಲಿಯ ಲೂಕಾ ಪರ್ಮಿಟಾನೊ ಮತ್ತು ಅಮೆರಿಕದ ಕ್ರಿಸ್ ಕ್ಯಾಸಿಡಿ ಹೊರಗೆ ಕೆಲಸದಲ್ಲಿದ್ದರು. ಸುಮಾರು ಮುಕ್ಕಾಲು ಗಂಟೆಯಾಗಿರಬೇಕು, ತಲೆಯ ಹಿಂಭಾಗದಲ್ಲಿ ನೀರು ತಾಗುತ್ತಿದೆ ಎಂದು ಪರ್ಮಿಟಾನೊ ತಿಳಿಸಿದರು. ಭೂಮಿಯ ಮೇಲಾದರೆ ನೀರು ಕತ್ತಿನಿಂದ ಕೆಳಗೆ ಇಳಿಯುತ್ತಿತ್ತು. ತೂಕವೇ ಇಲ್ಲದ ಕಡೆ ಅದು ತಾಗಿದ ಮೈಗೆ ಅಂಟಿಕೊಂಡು ಹರಡುತ್ತದೆ. ನಿಧಾನವಾಗಿ ಅದು ಹಣೆ, ಕಣ್ಣು, ಕಿವಿಗಳನ್ನು ದಾಟಿ ಮೂಗನ್ನು ಆವರಿಸಿತು. ಶಿರಸ್ತ್ರಾಣದೊಳಗೆ ಕೈ ಹಾಕಿ ಒರೆಸಿಕೊಳ್ಳುವಂತಿಲ್ಲ. ಅಷ್ಟರಲ್ಲಿ ಸೂರ್ಯನೂ ಮುಳುಗಿದ್ದರಿಂದ ದಾರಿ ಕಾಣದೆ, ಸೊಂಟಕ್ಕೆ ಕಟ್ಟಿದ್ದ ಸುರಕ್ಷತಾ ಹಗ್ಗದ ಸೆಳೆತವನ್ನೇ ಅನುಸರಿಸುತ್ತ ಅವರು ಬಾಗಿಲಿನತ್ತ ಸಾಗಿದರು. ಒಳಗೆ ಬಂದು ಶಿರಸ್ತ್ರಾಣ ತೆಗೆದಾಗ ಒಂದರಿಂದ ಒಂದೂವರೆ ಲೀಟರಿನಷ್ಟು ನೀರು ಒಳಗೆ ಸೇರಿತ್ತು.

ಕಾರಣ ಹುಡುಕಿದಾಗ ಸಿಕ್ಕಿದ್ದು ಅದೇ ಒಂದು ಮೋಟಾರಿನ ಯಂತ್ರ. ನೀರು ಬೇರ್ಪಡಿಸುವ ಭಾಗದ ಸಣ್ಣ ರಂಧ್ರಗಳಲ್ಲಿ ಸಿಲಿಕಾ ಮೊದಲಾದ ಕಶ್ಮಲ ಕಟ್ಟಿಕೊಂಡು, ಹೋಗಬೇಕಾದ ದಾರಿ ಮುಚ್ಚಿದ ನೀರು ಪಕ್ಕದ ಗಾಳಿಯ ದಾರಿಗೆ ನುಗ್ಗಿತ್ತು.

ಯಂತ್ರದ ದೋಷಕ್ಕಿಂತ ಮುಖ್ಯವಾದದ್ದನ್ನು ತನಿಖಾ ಮಂಡಳಿ ಬೇರೆಡೆ ಕಂಡಿತು. ಒಂದು ವಾರ ಮೊದಲು, ಜುಲೈ 9ರ ನಡಿಗೆಯ ಕೊನೆಗೂ ಪರ್ಮಿಟಾನೊ ಅವರ ಶಿರಸ್ತ್ರಾಣದಲ್ಲಿ ನೀರಿತ್ತು. ಕುಡಿಯುವ ನೀರಿನ ಚೀಲ ಸೋರಿರಬೇಕು ಎಂದುಕೊಂಡು ತಂಡ ಮುಂದಕ್ಕೆ ಹೋಗಿತ್ತು. ಚೀಲಗಳು ಸೋರುವುದು ಸಾಮಾನ್ಯ ಎಂಬ ನಂಬಿಕೆ ಎಲ್ಲರಲ್ಲೂ ಇತ್ತು. ಶಿರಸ್ತ್ರಾಣದಲ್ಲಿ ಸ್ವಲ್ಪ ನೀರು ಇರುವುದೂ ಸಾಮಾನ್ಯವೆನಿಸಿತ್ತು. ಅಸಹಜವೆಂದು ದಾಖಲಿಸಿ ತನಿಖೆಗೆ ಕೊಟ್ಟರೆ ಅದಕ್ಕೆ ತಗಲುವ ಸಮಯ ಮತ್ತು ಶ್ರಮ ಬಹಳವೆಂಬ ಭಾವನೆಯಿಂದ ಆ ದಾರಿ ಹಿಡಿಯಲು ಹಿಂಜರಿಕೆಯೂ ಇತ್ತು ಎಂದು ಮಂಡಳಿ ಬರೆಯಿತು. ಹೊರಗಿನವರ ಮೇಲ್ವಿಚಾರಣೆ ಏಕೆ ಬೇಕು ಎಂಬುದಕ್ಕೆ ಇದಕ್ಕಿಂತ ಸ್ಪಷ್ಟ ಉದಾಹರಣೆ ನನಗೆ ಕಾಣುವುದಿಲ್ಲ. ಅಲ್ಲಿದ್ದವರೆಲ್ಲ ಸಮರ್ಥರು, ಎಚ್ಚರದವರು. ಹಾಗಿದ್ದೂ ದಿನವೂ ಕಾಣುವ ದೋಷ ಕಣ್ಣಿಗೆ ದೋಷವಾಗಿ ಕಾಣುವುದನ್ನು ನಿಲ್ಲಿಸಿತ್ತು.

ಆ ಘಟನೆಯ ನಂತರ ಶಿರಸ್ತ್ರಾಣದ ಹಿಂಭಾಗದಲ್ಲಿ ನೀರು ಹೀರುವ ಮೆತ್ತೆಯನ್ನೂ, ಮುಖದ ಬಳಿ ನೀರು ತುಂಬಿದರೆ ಉಡುಪಿನ ಕೆಳಭಾಗದ ಗಾಳಿಯನ್ನು ಉಸಿರಾಡಲು ಒಂದು ಕೊಳವೆಯನ್ನೂ ಅಳವಡಿಸಿದರು. ಅದೇ ಡಿಸೆಂಬರ್‌ನಲ್ಲಿ ನಿಲ್ದಾಣದ ಮತ್ತೊಂದು ಅಮೋನಿಯಾ ಪಂಪು ಕೆಟ್ಟು ತುರ್ತಾಗಿ ಹೊರಗಿಳಿಯಬೇಕಾದಾಗ ಅವು ಉಡುಪಿನಲ್ಲಿದ್ದವು. ಆದರೂ ತೊಂದರೆ ಮುಗಿಯಲಿಲ್ಲ. 2022ರ ಮಾರ್ಚ್ 23ರಂದು ಜರ್ಮನಿಯ ಮತ್ತಿಯಾಸ್ ಮೌರರ್ ಅವರ ಶಿರಸ್ತ್ರಾಣದಲ್ಲಿ ನೀರಿನ ತೆಳು ಪದರ ಕಂಡಿತು. ಸಾಮಾನ್ಯ ನಡಿಗೆಗಳನ್ನು ತಿಂಗಳುಗಟ್ಟಲೆ ತಡೆಹಿಡಿಯಲಾಯಿತು. 2024ರ ಜೂನ್ 24ರಂದು ಟ್ರೇಸಿ ಡೈಸನ್ ಬಾಗಿಲು ತೆರೆದ ಹೊತ್ತಿಗೇ ಉಡುಪಿಗೆ ನೀರು ಪೂರೈಸುವ ಜೋಡಣೆಯಲ್ಲಿ ಸೋರಿಕೆಯಾಗಿ, ಅಂದಿನ ನಡಿಗೆಯನ್ನೇ ಕೈಬಿಟ್ಟರು.

## ಮೇಲ್ವಿಚಾರಕರು ಯಾರು

ನಾಸಾದ ಹಣ ಅಮೆರಿಕದ ತೆರಿಗೆದಾರರದ್ದು. ಅದನ್ನು ಮಂಜೂರು ಮಾಡುವುದು ಅಲ್ಲಿನ ಸಂಸತ್ತು, ಅಂದರೆ ಕಾಂಗ್ರೆಸ್. ನಿಲ್ದಾಣವನ್ನು 2030ರವರೆಗೆ ನಡೆಸಬೇಕೆಂಬುದೂ 2022ರಲ್ಲಿ ಕಾಂಗ್ರೆಸ್ ಕಾನೂನಿನ ಮೂಲಕ ಹೇಳಿದ ಮಾತು. ಆದರೆ ಸಂಸದರಿಗೆ ಪಂಪು, ಫ್ಯಾನುಗಳ ಪರಿಚಯ ಇರುವುದಿಲ್ಲ. ಅವರಿಗೆ ವಿಷಯ ತಿಳಿಸುವ ಸಂಸ್ಥೆಗಳು ಬೇಕು.

ಮೊದಲನೆಯದು ಇನ್‌ಸ್ಪೆಕ್ಟರ್ ಜನರಲ್ ಕಚೇರಿ. 1978ರ ಕಾನೂನಿನಿಂದ ಹುಟ್ಟಿದ ಈ ವ್ಯವಸ್ಥೆ ಅಮೆರಿಕದ ಪ್ರತಿ ದೊಡ್ಡ ಇಲಾಖೆಯಲ್ಲೂ ಇದೆ. ನಾಸಾದ ಇನ್‌ಸ್ಪೆಕ್ಟರ್ ಜನರಲ್ ಅವರನ್ನು ಅಧ್ಯಕ್ಷರು ನೇಮಿಸಿ, ಸೆನೆಟ್ ಅನುಮೋದಿಸುತ್ತದೆ. ಕಚೇರಿ ನಾಸಾದೊಳಗೇ ಇದ್ದು ಅದರ ಕಡತಗಳನ್ನು ನೋಡುವ ಹಕ್ಕು ಪಡೆದಿರುತ್ತದೆ. ಏನನ್ನು ತಪಾಸಣೆ ಮಾಡಬೇಕು, ಏನು ಬರೆಯಬೇಕು ಎಂದು ನಾಸಾದ ಮುಖ್ಯಸ್ಥರು ಅದಕ್ಕೆ ಹೇಳುವಂತಿಲ್ಲ. ವರದಿಗಳು ಸಾರ್ವಜನಿಕರಿಗೆ ತೆರೆದಿರುತ್ತವೆ.

ಎರಡನೆಯದು ಸರ್ಕಾರಿ ಉತ್ತರದಾಯಿತ್ವ ಕಚೇರಿ, ಜಿಎಓ. ಇದು 1921ರಿಂದಲೂ ಇದ್ದು ನೇರವಾಗಿ ಕಾಂಗ್ರೆಸ್ಸಿಗೆ ಸೇರಿದ್ದು. ಇದರ ಮುಖ್ಯಸ್ಥರ ಅವಧಿ 15 ವರ್ಷ. ಸರ್ಕಾರ ಬದಲಾದರೂ ಅವರು ಬದಲಾಗಬೇಕಿಲ್ಲ. ನಾಸಾದ ಖರೀದಿ ಮತ್ತು ಗುತ್ತಿಗೆ ನಿರ್ವಹಣೆಯನ್ನು ಅದು 1990ರಿಂದ ತನ್ನ ಹೆಚ್ಚಿನ ಅಪಾಯದ ಪಟ್ಟಿಯಲ್ಲಿ ಇಟ್ಟಿದೆ. ನಮ್ಮಲ್ಲಿ ಸಿಎಜಿ ವರದಿ ಸಂಸತ್ತಿಗೆ ಹೋಗಿ, ಸಾರ್ವಜನಿಕ ಲೆಕ್ಕಪತ್ರ ಸಮಿತಿಯ ಮುಂದೆ ಬರುವುದನ್ನು ಬಲ್ಲವರಿಗೆ ಜಿಎಓ ಹೊಸದೆನಿಸದು.

ಮೂರನೆಯದು ಹಣದ ಲೆಕ್ಕ ನೋಡುವುದಲ್ಲ, ಪ್ರಾಣದ ಲೆಕ್ಕ ನೋಡುವುದು. 1967ರ ಜನವರಿ 27ರಂದು ಅಪೊಲೊ-1ರ ಅಭ್ಯಾಸದ ವೇಳೆ ಬೆಂಕಿ ಬಿದ್ದು ಮೂವರು ಗಗನಯಾತ್ರಿಗಳು ಸತ್ತರು. ಅದರ ಮರುವರ್ಷ ಕಾಂಗ್ರೆಸ್ ಒಂದು ಸುರಕ್ಷತಾ ಸಲಹಾ ಮಂಡಳಿ ರಚಿಸಿತು. ಹಳೆಯ ಉಡುಪುಗಳ ಅಪಾಯದ ಬಗ್ಗೆ ಈ ಮಂಡಳಿ ಮತ್ತೆ ಮತ್ತೆ ಎಚ್ಚರಿಸಿದೆ.

ಈ ಮೂರರಲ್ಲಿ ಯಾವುದಕ್ಕೂ ಒಂದು ನಡಿಗೆಯನ್ನು ನಿಲ್ಲಿಸುವ ಅಧಿಕಾರವಿಲ್ಲ. ಅವು ಪರಿಶೀಲಿಸುತ್ತವೆ, ಬರೆಯುತ್ತವೆ, ಶಿಫಾರಸು ಮಾಡುತ್ತವೆ. ಶಿಫಾರಸನ್ನು ಒಪ್ಪುತ್ತೇವೆಯೇ ಇಲ್ಲವೇ, ಯಾವ ದಿನದೊಳಗೆ ಮಾಡುತ್ತೇವೆ ಎಂದು ನಾಸಾ ಲಿಖಿತವಾಗಿ ಉತ್ತರಿಸಬೇಕು; ಆ ಉತ್ತರವನ್ನೂ ವರದಿಯಲ್ಲಿಯೇ ಅಚ್ಚು ಮಾಡುತ್ತಾರೆ. ಇಷ್ಟೇ ಅವರ ಬಲ. ಆದರೆ ಮುಂದಿನ ವರ್ಷ ಹಣ ಕೇಳಲು ನಾಸಾ ಕಾಂಗ್ರೆಸ್ಸಿನ ಸಮಿತಿಯ ಮುಂದೆ ಕುಳಿತಾಗ ಸದಸ್ಯರ ಕೈಯಲ್ಲಿರುವುದು ಅದೇ ವರದಿ.

## ವರದಿಗಳು ಹೇಳಿದ್ದು

ಇನ್‌ಸ್ಪೆಕ್ಟರ್ ಜನರಲ್ ಕಚೇರಿಯ 2017ರ ಏಪ್ರಿಲ್‌ನ ವರದಿ ನೇರವಾಗಿತ್ತು: ಹೊಸ ಉಡುಪುಗಳಿಗಾಗಿ ಮೂರು ಯೋಜನೆಗಳಲ್ಲಿ ಸುಮಾರು 20 ಕೋಟಿ ಡಾಲರ್ ಖರ್ಚಾಗಿದೆ, ಆದರೆ ಹೊರನಡಿಗೆಗೆ ಬಳಸಬಹುದಾದ ಹೊಸ ಉಡುಪು ಸಿದ್ಧವಾಗಲು ಇನ್ನೂ ವರ್ಷಗಳು ಬೇಕು. ಹಣ ಹೋಗಿ ಫಲ ಬಾರದಿರಲು ಒಂದು ದೊಡ್ಡ ಕಾರಣ ಗುರಿ ಬದಲಾಗುತ್ತಲೇ ಇದ್ದದ್ದು. ಚಂದ್ರನಿಗೆ ಹೋಗುವುದಾದರೆ ಧೂಳು ತಡೆಯುವ, ನಡೆಯಲು ಬಾಗುವ ಕಾಲಿನ ಉಡುಪು ಬೇಕು. ನಿಲ್ದಾಣಕ್ಕಾದರೆ ಕಾಲಿನ ಕೆಲಸವೇ ಇಲ್ಲ, ಕೈಯದೇ ಎಲ್ಲ. ಅಧ್ಯಕ್ಷರು ಬದಲಾದಂತೆ ಚಂದ್ರ, ಕ್ಷುದ್ರಗ್ರಹ, ಮಂಗಳ, ಮತ್ತೆ ಚಂದ್ರ ಎಂದು ಗಮ್ಯ ಬದಲಾಯಿತು.

ಅದೇ ಕಚೇರಿಯ 2021ರ ಆಗಸ್ಟ್‌ನ ವರದಿ ಮುಂದಿನ ಕಥೆ ಹೇಳಿತು. ನಾಸಾ ತಾನೇ ಮುಂದಾಗಿ ತಯಾರಿಸುತ್ತಿದ್ದ ಹೊಸ ಉಡುಪಿಗೆ 27 ಕಂಪನಿಗಳು ಭಾಗಗಳನ್ನು ಪೂರೈಸುತ್ತಿದ್ದವು. 2007ರಿಂದ 42 ಕೋಟಿ ಡಾಲರ್ ಖರ್ಚಾಗಿತ್ತು. ಮೊದಲ ಎರಡು ಉಡುಪುಗಳು ಸಿದ್ಧವಾಗುವ ಹೊತ್ತಿಗೆ ಮೊತ್ತ 100 ಕೋಟಿ ಡಾಲರ್ ದಾಟಲಿತ್ತು. 2024ರಲ್ಲಿ ಚಂದ್ರನ ಮೇಲೆ ಇಳಿಯುವ ಗುರಿ ಈ ಉಡುಪಿನ ಕಾರಣಕ್ಕೇ ಅಸಾಧ್ಯ ಎಂದು ವರದಿ ಬರೆಯಿತು.

ಆಗ ನಾಸಾ ದಾರಿ ಬದಲಿಸಿತು. ಉಡುಪನ್ನು ತಾನು ಮಾಡಿಸಿ ಇಟ್ಟುಕೊಳ್ಳುವ ಬದಲು, ಕಂಪನಿಗಳು ತಯಾರಿಸಿ ತಮ್ಮಲ್ಲೇ ಇಟ್ಟುಕೊಂಡು ನಾಸಾಕ್ಕೆ ಸೇವೆಯಾಗಿ ಒದಗಿಸಲಿ ಎಂದಿತು. 2022ರ ಜೂನ್‌ನಲ್ಲಿ ಆಕ್ಸಿಯಮ್ ಸ್ಪೇಸ್ ಮತ್ತು ಕಾಲಿನ್ಸ್ ಏರೋಸ್ಪೇಸ್ ಆಯ್ಕೆಯಾದವು. 2034ರವರೆಗೆ ಗರಿಷ್ಠ 350 ಕೋಟಿ ಡಾಲರ್ ಮಿತಿ. ಚಂದ್ರನ ಉಡುಪು ಆಕ್ಸಿಯಮ್‌ಗೆ, ನಿಲ್ದಾಣದ ಉಡುಪು ಕಾಲಿನ್ಸ್‌ಗೆ.

ಇಲ್ಲಿ ಗುತ್ತಿಗೆಯ ಎರಡು ಬಗೆಗಳನ್ನು ತಿಳಿಯಬೇಕು. ಒಂದರಲ್ಲಿ ಆದ ಖರ್ಚನ್ನೆಲ್ಲ ಸರ್ಕಾರ ಭರಿಸಿ ಮೇಲೆ ಲಾಭಾಂಶ ಕೊಡುತ್ತದೆ. ವೆಚ್ಚ ಏರಿದರೆ ಹೊರೆ ಸರ್ಕಾರದ್ದು. ಇನ್ನೊಂದರಲ್ಲಿ ಬೆಲೆ ಮೊದಲೇ ನಿಗದಿ. ವೆಚ್ಚ ಏರಿದರೆ ಹೊರೆ ಕಂಪನಿಯದು. ಎರಡನೆಯದು ತೆರಿಗೆದಾರರಿಗೆ ಲೇಸೆಂದು ಮೇಲುನೋಟಕ್ಕೆ ಕಾಣುತ್ತದೆ. ಆದರೆ ಕೊಳ್ಳುವವರು ಒಬ್ಬರೇ, ಬೇಕಿರುವ ಉಡುಪುಗಳೂ ಬೆರಳೆಣಿಕೆಯಷ್ಟು ಎಂದಾಗ ನಷ್ಟ ಕಂಡ ಕಂಪನಿ ಹೊರನಡೆಯಬಹುದು. ಹೊಸ ಉಡುಪಿನ ಕೆಲಸವನ್ನು ನಿಗದಿತ ಬೆಲೆಗೆ ಕೊಡಲಾಗಿತ್ತು. 2024ರ ಜೂನ್‌ನಲ್ಲಿ ಕಾಲಿನ್ಸ್ ಅದರಿಂದ ಹಿಂದೆ ಸರಿಯಿತು.

ಹಳೆಯ ಉಡುಪುಗಳ ದುರಸ್ತಿಯ ಗುತ್ತಿಗೆಯೂ ಅದೇ ಕಾಲಿನ್ಸ್‌ನದು. ಮೂಲ ತಯಾರಕರ ವಾರಸುದಾರ ಸಂಸ್ಥೆಯಾದ್ದರಿಂದ ಅದರ ಜ್ಞಾನ ಬೇರೆಯವರಲ್ಲಿ ಇಲ್ಲ. 2025ರ ಸೆಪ್ಟೆಂಬರ್ ವರದಿಯ ತಿರುಳು ಇದೇ: ಕೆಲಸ ತಡವಾಗುತ್ತಿದೆ, ವೆಚ್ಚ ಏರುತ್ತಿದೆ, ಭಾಗಗಳ ಗುಣಮಟ್ಟದಲ್ಲಿ ದೋಷವಿದೆ, ಆದರೆ ನಾಸಾಕ್ಕೆ ಬೇರೆ ಪೂರೈಕೆದಾರರಿಲ್ಲ. ಬೇರೆ ಕಡೆ ಹೋಗುವಂತಿಲ್ಲದ ಗ್ರಾಹಕ ಚೌಕಾಸಿ ಮಾಡುವುದು ಕಷ್ಟ.

## 2030ರವರೆಗೆ

ಉಡುಪಿನ ಜೊತೆಗೇ ನಿಲ್ದಾಣಕ್ಕೂ ವಯಸ್ಸಾಗುತ್ತಿದೆ. ರಷ್ಯಾದ ಜ್ವೆಜ್ದಾ ಭಾಗಕ್ಕೆ ಸೇರಿದ ಒಂದು ಸಣ್ಣ ಸುರಂಗದಲ್ಲಿ 2019ರಲ್ಲಿ ಗಾಳಿ ಸೋರತೊಡಗಿತು. 2024ರ ಏಪ್ರಿಲ್‌ನಲ್ಲಿ ಸೋರಿಕೆ ದಿನಕ್ಕೆ ಸುಮಾರು 1.7 ಕಿಲೋಗ್ರಾಂ ಮುಟ್ಟಿತ್ತು ಎಂದು ಇನ್‌ಸ್ಪೆಕ್ಟರ್ ಜನರಲ್ ಅವರ ಆ ವರ್ಷದ ವರದಿ ದಾಖಲಿಸಿದೆ. ಅದಕ್ಕೆ ನಾಸಾ ಕೊಟ್ಟಿದ್ದು ತನ್ನ ಅಪಾಯದ ಅಳತೆಯಲ್ಲಿ ಅತಿ ಮೇಲಿನ ಸ್ಥಾನ. ಆ ಸುರಂಗದ ಬಾಗಿಲನ್ನು ಬೇಡದಾಗ ಮುಚ್ಚಿಡುತ್ತಿದ್ದರು. ನಿಲ್ದಾಣವನ್ನು ಕೊನೆಗೆ ನಿಯಂತ್ರಿತವಾಗಿ ಸಾಗರಕ್ಕೆ ಇಳಿಸುವ ನೌಕೆಗಾಗಿ 2024ರ ಜೂನ್‌ನಲ್ಲಿ ಸ್ಪೇಸ್‌ಎಕ್ಸ್‌ಗೆ 84.3 ಕೋಟಿ ಡಾಲರ್ ಮಿತಿಯ ಗುತ್ತಿಗೆ ಕೊಡಲಾಗಿದೆ.

ಹೀಗಾಗಿ ಮೇಲ್ವಿಚಾರಕರ ಮುಂದಿರುವ ಪ್ರಶ್ನೆ ಈಗ ಹೊಸ ಉಡುಪು ಯಾವಾಗ ಎಂಬುದಷ್ಟೇ ಅಲ್ಲ. ಹೊಸದು ತಡವಾಗಿ ಬಂದರೆ ಅದನ್ನು ಬಳಸುವ ನಿಲ್ದಾಣವೇ ಇರುವುದಿಲ್ಲ. ಚಂದ್ರನ ಉಡುಪನ್ನು ತಯಾರಿಸುತ್ತಿರುವ ಆಕ್ಸಿಯಮ್‌ಗೆ ಅದನ್ನು ನಿಲ್ದಾಣಕ್ಕೂ ಹೊಂದಿಸುವ ಕೆಲಸವನ್ನು 2023ರಲ್ಲಿಯೇ ಕೊಡಲಾಗಿದೆ. ಅದು ಸಿದ್ಧವಾಗುವವರೆಗೆ, ನಿಲ್ದಾಣದ ಅಮೆರಿಕದ ಭಾಗದಲ್ಲಿ ಏನು ಕೆಟ್ಟರೂ ಹಳೆಯ ಇಎಂಯು ತೊಟ್ಟೇ ಹೊರಗಿಳಿಯಬೇಕು. 2024ರ ಜೂನ್‌ನ ಸೋರಿಕೆಯ ನಂತರ ನಿಂತಿದ್ದ ನಡಿಗೆಗಳು 2025ರ ಜನವರಿಯಲ್ಲಿ ಮತ್ತೆ ಆರಂಭವಾದಾಗ ಸುನಿತಾ ವಿಲಿಯಮ್ಸ್ ತೊಟ್ಟದ್ದೂ ಅದನ್ನೇ. ಜನವರಿ 30ರ ನಡಿಗೆಯೊಂದಿಗೆ ಅವರು ಒಟ್ಟು 62 ಗಂಟೆ 6 ನಿಮಿಷ ಹೊರಗಿದ್ದು, ಮಹಿಳೆಯರಲ್ಲಿ ಅತಿ ಹೆಚ್ಚು ಹೊತ್ತಿನ ದಾಖಲೆ ಬರೆದರು.

ನಮ್ಮವರಿಗೂ ಇದು ದೂರದ ವಿಷಯವಾಗಿ ಉಳಿಯುವುದಿಲ್ಲ. ಬೆಂಗಳೂರಿನ ಮಾನವ ಬಾಹ್ಯಾಕಾಶ ಯಾನ ಕೇಂದ್ರ ಸಿದ್ಧಪಡಿಸುತ್ತಿರುವ ಗಗನಯಾನದ ಯಾತ್ರಿಗಳಿಗೆ ಸದ್ಯ ಬೇಕಿರುವುದು ಉಡಾವಣೆಯ ಉಡುಪು ಮಾತ್ರ. ಆದರೆ 2035ರ ಹೊತ್ತಿಗೆ ಭಾರತೀಯ ಅಂತರಿಕ್ಷ ನಿಲ್ದಾಣ ಕಟ್ಟುವ ಗುರಿ ಇದೆ. ಕಕ್ಷೆಯಲ್ಲಿ ವರ್ಷಗಟ್ಟಲೆ ಇರುವ ಯಾವ ನಿಲ್ದಾಣಕ್ಕಾದರೂ ಹೊರಗಿನ ದುರಸ್ತಿ ತಪ್ಪಿದ್ದಲ್ಲ. ಆ ಉಡುಪನ್ನು ನಾವೇ ತಯಾರಿಸುತ್ತೇವೆಯೇ, ಕೊಳ್ಳುತ್ತೇವೆಯೇ, ಬಿಡಿಭಾಗಗಳನ್ನು ಎಷ್ಟು ವರ್ಷಕ್ಕೆಂದು ಸಂಗ್ರಹಿಸಿಡುತ್ತೇವೆ ಎಂಬುದು ನಿಲ್ದಾಣದ ನಕ್ಷೆಯ ಜೊತೆಗೇ ತೀರ್ಮಾನವಾಗಬೇಕು. ಬಾಹ್ಯಾಕಾಶ ಇಲಾಖೆಯ ಖರ್ಚನ್ನು ನಮ್ಮಲ್ಲಿ ಪರಿಶೋಧಿಸುವುದು ಸಿಎಜಿ.